ಹೂವಿನ ಬಣ್ಣ, ನೆರಳಿನ ಲೆಕ್ಕ

ಮಾರ್ಚ್ ಬಂತೆಂದರೆ ಬೆಂಗಳೂರಿನ ರಸ್ತೆಗಳ ಮೇಲೆ ಜಕರಂದಾ ನೇರಳೆ ಹೂ ಚೆಲ್ಲುತ್ತದೆ. ಅದು ಮುಗಿಯುವಷ್ಟರಲ್ಲಿ ಗುಲ್‌ಮೊಹರ್ ಕೆಂಪೇರುತ್ತದೆ. ಈ ಸರದಿ ತಾನಾಗಿ ಆದದ್ದಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಒಂದು ಜಾತಿಯ ಹೂ ಉದುರುವಾಗ ಇನ್ನೊಂದು ಅರಳುವಂತೆ ಲೆಕ್ಕ ಹಾಕಿ ಸಾಲುಮರಗಳನ್ನು ಆರಿಸಿದರು. ಜಕರಂದಾ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು. ಈಗ ಎರಡೂ ಬೆಂಗಳೂರಿನವೇ.

ಆ ಬಣ್ಣಗಳಿಗೆ ಒಲಿದ ಕಲಾವಿದ ರುಮಾಲೆ ಚನ್ನಬಸವಯ್ಯ (1910–1988). ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡು, ಪತ್ರಿಕೆ ನಡೆಸಿ, ರಾಜಕೀಯದಲ್ಲೂ ಇದ್ದು, ಕೊನೆಗೆ ಕುಂಚಕ್ಕೇ ಮರಳಿದವರು. ಮರದೆದುರೇ ಕೂತು ಚಿತ್ರ ಬರೆಯುತ್ತಿದ್ದರು. ಅವರ ಕ್ಯಾನ್ವಾಸಿನಲ್ಲಿ ಹೂಬಿಟ್ಟ ಕೊಂಬೆಗಳೇ ಮುಂದೆ, ಉಳಿದದ್ದೆಲ್ಲ ಹಿಂದೆ; ಒತ್ತೊತ್ತಾದ ಬಣ್ಣದ ಗೀರುಗಳಲ್ಲಿ ಬಿಸಿಲೂ ನೆರಳೂ ಕದಲುತ್ತವೆ. ನಗರ ತನ್ನ ಮರಗಳಿಂದಲೇ ಗುರುತಿಸಿಕೊಳ್ಳುತ್ತಿದ್ದ ಕಾಲಕ್ಕೆ ಇವು ಒಳ್ಳೆಯ ಸಾಕ್ಷಿ.

ಚಿತ್ರಕಾರ ಬಣ್ಣದಲ್ಲಿ ಹಿಡಿದ ಆ ನೆರಳನ್ನು ವಿಜ್ಞಾನಿಗಳು ಅಳೆದೂ ನೋಡಿದ್ದಾರೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೆಂಗಳೂರಿನ ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ ಬೋಳು ರಸ್ತೆಗಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ಕಡಿಮೆ. ರಸ್ತೆಯ ಮೇಲ್ಮೈಯಲ್ಲಂತೂ ಈ ವ್ಯತ್ಯಾಸ 27.5 ಡಿಗ್ರಿಯವರೆಗೆ! ಎಲೆಗಳು ಬಿಸಿಲನ್ನು ತಡೆದು ನೀರಾವಿ ಬಿಡುತ್ತವೆ, ಡಾಂಬರು ಅಷ್ಟಾಗಿ ಕಾಯುವುದಿಲ್ಲ. ಬೀದಿಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಸೊಪ್ಪು ಮಾರುವವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಬಡವರ ಬಸ್ತಿಗಳಲ್ಲಿ ಮರಕ್ಕೆ ಬೇರೆಯದೇ ಬೆಲೆ. ಬೆಂಗಳೂರಿನ ಕೊಳೆಗೇರಿಗಳ ಸಸ್ಯಗಳ ಬಗ್ಗೆ ನಡೆದ ಅಧ್ಯಯನದಲ್ಲಿ ನುಗ್ಗೆ, ತೆಂಗು ಎದ್ದು ಕಂಡವು. ಅಲ್ಲಿ ಅಂಗೈಯಗಲ ಜಾಗದ ಗಿಡವೂ ಅಡುಗೆಮನೆಗೆ ಆಗಬೇಕು.

ಆತಂಕ ಇರುವುದು ಇನ್ನೊಂದು ಕಡೆ. 2010ರಲ್ಲಿ ಹರಿಣಿ ನಾಗೇಂದ್ರ ಮತ್ತು ದಿವ್ಯಾ ಗೋಪಾಲ್ ಪ್ರಕಟಿಸಿದ ಸಾಲುಮರಗಳ ಸಮೀಕ್ಷೆ ಹೇಳಿದ್ದಿಷ್ಟು: ದೊಡ್ಡ ಮರಗಳಿರುವುದು ಅಗಲ ರಸ್ತೆಗಳಲ್ಲಿ, ಅಗಲೀಕರಣಕ್ಕೆ ಬಲಿಯಾಗುವುದೂ ಅವೇ. ಹೊಸದಾಗಿ ನೆಟ್ಟವುಗಳಲ್ಲಿ ಹೆಚ್ಚಿನವು ಗಿಡ್ಡ, ಹರವು ಕಿರಿದು, ಜಾತಿವೈವಿಧ್ಯವೂ ಕಡಿಮೆ. ಲೆಕ್ಕಕ್ಕೆ ಗಿಡಗಳಿರುತ್ತವೆ, ನೆರಳು ಮಾತ್ರ ಇರುವುದಿಲ್ಲ.

ಈ ಮಾತನ್ನು ಪ್ರಬಂಧಗಳಿಂದ ಬೀದಿಗೆ ತರುವ ಕೆಲಸವೂ ಆಗಿದೆ. 2014ರಲ್ಲಿ ನಾಗರಿಕರೇ ಸೇರಿ ಆರಂಭಿಸಿದ ‘ನೆರಳು’ ಮರಗಳ ಹಬ್ಬದಲ್ಲಿ ತಜ್ಞರು ಜನರನ್ನು ಮರದಿಂದ ಮರಕ್ಕೆ ನಡೆಸುತ್ತಾರೆ, ಕಲಾವಿದರು ಜತೆಗೂಡುತ್ತಾರೆ. ಬೆಂಗಳೂರಿಗೆ ಇಂಥದ್ದು ಇನ್ನಷ್ಟು ಬೇಕು. ಮರ ಕಡಿಯಲು ಗುರುತು ಹಾಕುವವರ ಎದುರು ನಿಲ್ಲುವುದು ಆ ಮರದ ಹೆಸರು ಬಲ್ಲ ನೆರೆಹೊರೆಯವರೇ ಹೊರತು ಪ್ರಬಂಧವಲ್ಲ.

ಮುಂದಿನ ಸಲ ನಿಮ್ಮ ವಾರ್ಡಿನಲ್ಲಿ ಸಾವಿರ ಸಸಿ ನೆಡುವ ಘೋಷಣೆಯಾದರೆ ಮೂರೇ ಪ್ರಶ್ನೆ ಕೇಳಿ: ಯಾವ ಜಾತಿ, ಬೆಳೆದಾಗ ಎಷ್ಟು ಅಗಲ ಹರಡುತ್ತದೆ, ಬೇಸಿಗೆಯಲ್ಲಿ ನೀರು ಹಾಕುವವರು ಯಾರು?