ಹಳೆಯ ನುಡಿ ಕಡತ, ಹೊಸ ಪಠ್ಯ ಸಂಪಾದಕ

ಕುಂದಾಪುರದ ಶಿಕ್ಷಕ ಮಿತ್ರರೊಬ್ಬರು ಹಿಂದೆ ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿದ್ದ ಭೌತಶಾಸ್ತ್ರದ ಟಿಪ್ಪಣಿಯನ್ನು ಯುನಿಕೋಡ್ ಪಠ್ಯ ಸಂಪಾದಕದಲ್ಲಿ ತೆರೆದರು. ‘ಕನ್ನಡ’ ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡ್ ಚಿಹ್ನೆ! ಕಡತವೇನೂ ಕೆಟ್ಟಿರಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ‘ಕ’ ಎಂದರೆ 80 ಮತ್ತು 192 ಎಂಬ ಎರಡು ಸಂಕೇತಗಳು. ಯುನಿಕೋಡಿನಲ್ಲಿ 3221 ಎಂಬ ಒಂದೇ ಸಂಕೇತ.

ಸಂಪಾದಕವೇ ಇದನ್ನು ಪರಿವರ್ತಿಸಬಾರದೇ? ತೊಡಕಿದೆ. 80 ಇಂಗ್ಲಿಷಿನ ಪಿ ಕೂಡ ಹೌದು. ಬರಿಯ ಪಠ್ಯ ಕಡತದಲ್ಲಿ ಫಾಂಟಿನ ಹೆಸರು ಉಳಿದಿರುವುದಿಲ್ಲ. ಕಣ್ಣುಮುಚ್ಚಿ ಪರಿವರ್ತಿಸಿದರೆ ಅನಿಲ ಸಮೀಕರಣದಲ್ಲಿ ಒತ್ತಡವನ್ನು ಸೂಚಿಸುವ ಪಿ ಕೂಡ ಕಕಾರದ ತುಂಡಾದೀತು!

ಆದ್ದರಿಂದ ಹೊಸ ಕಡತಗಳಿಗೆ ಯುನಿಕೋಡೇ ಡಿಫಾಲ್ಟ್ ಆಗಿರಲಿ. ಹಳೆಯದನ್ನು ಮಾತ್ರ ಬಳಕೆದಾರರನ್ನು ಕೇಳಿಯೇ ಪರಿವರ್ತಿಸಿ, ಬೇರೆ ಹೆಸರಿನಲ್ಲಿ ಉಳಿಸಬೇಕು. ಬೈಂದೂರಿನ ಸಹೋದ್ಯೋಗಿಯ ಹಳೆಯ ಗಣಕಯಂತ್ರಕ್ಕೆ ಆ ಮೂಲ ಕಡತವೇ ಬೇಕಾದೀತು.