ಸಂದರ್ಶನವು ಏನನ್ನು ತೂಗುತ್ತದೆ?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಬ್ಬಿನ ಬೆಳೆಗಾರನಿಗೆ ಕಾಟಾದ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಷವಿಡೀ ನೀರುಣಿಸಿ ಬೆಳೆಸಿದ ಕಬ್ಬು ಕಾರ್ಖಾನೆಯ ಕಾಟಾದ ಮೇಲೆ ನಿಂತಾಗ, ಅದು ತೋರಿಸಿದ ಅಂಕಿಯೇ ಅವನ ದುಡಿಮೆಯ ಬೆಲೆಯಾಗುತ್ತದೆ. ಕಾಟಾ ಸುಳ್ಳು ಹೇಳಿದರೆ ಕಬ್ಬಿನ ತಪ್ಪೇನೂ ಇಲ್ಲ. ಆದರೆ ನಷ್ಟ ಬೆಳೆದವನದೇ.

ಅದೇ ರೈತನ ಮಗನೋ ಮಗಳೋ ಪದವಿಯನ್ನೋ ಐ.ಟಿ.ಐ. ಪ್ರಮಾಣಪತ್ರವನ್ನೋ ಹಿಡಿದು ನೌಕರಿಯ ಸಂದರ್ಶನಕ್ಕೆ ಕುಳಿತಾಗ ಅಲ್ಲಿಯೂ ಒಂದು ತೂಕ ನಡೆಯುತ್ತದೆ. ಹಲವು ವರ್ಷಗಳ ಓದು ಮತ್ತು ಅಭ್ಯಾಸವನ್ನು ಕೆಲವೇ ನಿಮಿಷಗಳ ಮಾತಿನಿಂದ ಅಳೆಯುವ ತೂಕವದು. ಆಯ್ಕೆಯಾಗದೆ ಮರಳಿದ ತರುಣನು “ನನ್ನಲ್ಲಿ ಯೋಗ್ಯತೆಯಿಲ್ಲ” ಎಂದು ತೀರ್ಮಾನಿಸಿಬಿಡುವುದು ಸಾಮಾನ್ಯ; ಮನೆಯವರೂ ಹಾಗೆಯೇ ಭಾವಿಸುವುದುಂಟು. ಈ ತೀರ್ಮಾನ ಸರಿಯೇ? ಸಂದರ್ಶನವೆಂಬ ಕಾಟಾ ಎಷ್ಟು ನಿಜ ಹೇಳುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ನೂರು ವರ್ಷಗಳಿಗೂ ಮಿಕ್ಕಿ ಪರೀಕ್ಷಿಸುತ್ತ ಬಂದಿದ್ದಾರೆ. ಅವರು ಕಂಡುಕೊಂಡುದನ್ನು ಅರಿತರೆ ಉದ್ಯೋಗಾರ್ಥಿಗೆ ಧೈರ್ಯವೂ ಬರುತ್ತದೆ, ದಾರಿಯೂ ಕಾಣುತ್ತದೆ.

ಮುಕಾದಮನ ಕಾಲ

ನೌಕರಿಗೆ ಜನರನ್ನು ಆರಿಸುವ ಪದ್ಧತಿ ಎಂದೂ ಒಂದೇ ಬಗೆಯಾಗಿರಲಿಲ್ಲ. ಘಟಪ್ರಭೆಯ ಜಲಪಾತದ ಬಲವನ್ನು ನಂಬಿ ಗೋಕಾಕದ ಬಳಿ ನೂಲಿನ ಗಿರಣಿ ತಲೆಯೆತ್ತಿದ್ದು 1880ರ ದಶಕದಲ್ಲಿ. ಆಗ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಹತ್ತಿ ಗಿರಣಿಗಳಲ್ಲಿ ಕೂಲಿಕಾರರನ್ನು ಸೇರಿಸಿಕೊಳ್ಳುವ ಅಧಿಕಾರ ಬಹುಮಟ್ಟಿಗೆ ಜಾಬರ್ ಅಥವಾ ಮುಕಾದಮನ ಕೈಯಲ್ಲಿತ್ತು. ಅವನಿಗೆ ಪರಿಚಿತರಾದವರಿಗೆ, ಅವನ ಕೈ ಬೆಚ್ಚಗೆ ಮಾಡಿದವರಿಗೆ ಕೆಲಸ ಸಿಗುತ್ತಿತ್ತು. 1929ರಲ್ಲಿ ನೇಮಕಗೊಂಡು 1931ರಲ್ಲಿ ವರದಿಯನ್ನೊಪ್ಪಿಸಿದ ಭಾರತದ ಕಾರ್ಮಿಕರನ್ನು ಕುರಿತ ರಾಯಲ್ ಆಯೋಗವು ಈ ಪದ್ಧತಿಯನ್ನು ಕಟುವಾಗಿ ಟೀಕಿಸಿತು.

ಎರಡನೆಯ ಮಹಾಯುದ್ಧ ಮುಗಿದಾಗ, ಸೈನ್ಯದಿಂದ ಬಿಡುಗಡೆ ಹೊಂದಿದವರಿಗೆ ಕೆಲಸ ದೊರಕಿಸಲು 1945ರಲ್ಲಿ ಉದ್ಯೋಗ ವಿನಿಮಯ ಕಚೇರಿಗಳು ಆರಂಭವಾದವು. ಖಾಲಿ ಹುದ್ದೆಗಳನ್ನು ಈ ಕಚೇರಿಗಳಿಗೆ ಕಡ್ಡಾಯವಾಗಿ ತಿಳಿಸಬೇಕೆಂಬ ಕಾನೂನನ್ನು ಸಂಸತ್ತು 1959ರಲ್ಲಿ ಅಂಗೀಕರಿಸಿತು. ಆದರೆ ತಿಳಿಸುವುದಷ್ಟೇ ಕಡ್ಡಾಯವಾಗಿತ್ತು. ಅಲ್ಲಿಂದ ಬಂದವರನ್ನೇ ನೇಮಿಸಬೇಕೆಂಬ ನಿರ್ಬಂಧ ಆ ಕಾನೂನಿನಲ್ಲಿರಲಿಲ್ಲ. ಹೀಗೆ ಸುದ್ದಿ ಬಹಿರಂಗವಾದರೂ ಕೊನೆಯ ಆಯ್ಕೆ ಸಂದರ್ಶಕರ ಮೇಜಿನ ಮುಂದೆಯೇ ನಡೆಯಿತು.

ಕಾಟಾದ ದೋಷ

ಒಂದೇ ಬಂಡಿಯ ಕಬ್ಬನ್ನು ಎರಡು ಕಾಟಾಗಳ ಮೇಲೆ ತೂಗಿ ನೋಡಿದರೆ ಅವುಗಳ ನಂಬಿಕೆ ಗೊತ್ತಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಾಲ್ಟರ್ ಡಿಲ್ ಸ್ಕಾಟ್ 1915ರ ಸುಮಾರಿಗೆ ಮಾಡಿದ್ದು ಇದನ್ನೇ. ಮಾರಾಟಗಾರರ ಹುದ್ದೆ ಬಯಸಿದ ಒಂದೇ ಗುಂಪಿನ ಉಮೇದುವಾರರನ್ನು ಹಲವು ಮಂದಿ ಅನುಭವಿ ವ್ಯವಸ್ಥಾಪಕರು ಪ್ರತ್ಯೇಕವಾಗಿ ಸಂದರ್ಶಿಸಿದರು. ಯಾರು ಮೇಲು, ಯಾರು ಕೀಳು ಎಂಬುದರಲ್ಲಿ ಅವರಿಗೆ ಒಮ್ಮತವೇ ಇರಲಿಲ್ಲ. ಒಬ್ಬರು ಮೇಲಿಟ್ಟವನನ್ನು ಇನ್ನೊಬ್ಬರು ಕೆಳಗಿಟ್ಟಿದ್ದರು.

ಇದಕ್ಕೆ ಕಾರಣವೇನು? 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ವಿಜ್ಞಾನಿಯು ಒಂದು ಕಾರಣವನ್ನು ತೋರಿಸಿಕೊಟ್ಟನು. ಸೈನ್ಯಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ಶೀಲ ಇವುಗಳಿಗೆ ಬೇರೆ ಬೇರೆಯಾಗಿ ಅಂಕ ಕೊಡಬೇಕಾಗಿತ್ತು. ಆದರೆ ಮೈಕಟ್ಟಿಗೆ ಹೆಚ್ಚು ಅಂಕ ಪಡೆದವನೇ ಬುದ್ಧಿಗೂ ಶೀಲಕ್ಕೂ ಹೆಚ್ಚು ಅಂಕ ಪಡೆದಿರುವುದು ಕಂಡುಬಂತು. ಒಂದು ಗುಣದ ಹೊಳಪು ಉಳಿದೆಲ್ಲ ಗುಣಗಳನ್ನೂ ಆವರಿಸಿಕೊಳ್ಳುವ ಈ ಭ್ರಮೆಗೆ ‘ಪ್ರಭಾವಳಿ ಪರಿಣಾಮ’ ಎನ್ನಬಹುದು. ನಿರರ್ಗಳವಾಗಿ ಇಂಗ್ಲಿಷ್ ಮಾತನಾಡುವವನು ಯಂತ್ರದ ಕೆಲಸದಲ್ಲಿಯೂ ಜಾಣನೆಂದು ತೋರುವುದು ಇದರಿಂದಲೇ.

ಹಾಗೆಂದು ಸಂದರ್ಶನವೇ ವ್ಯರ್ಥವೆನ್ನಲಾಗದು. ಬಾಯಿಗೆ ಬಂದ ಪ್ರಶ್ನೆ ಕೇಳಿ ಮನಸ್ಸಿಗೆ ತೋಚಿದಂತೆ ಅಂಕ ಕೊಡುವುದು ಒಂದು ಬಗೆ. ಹುದ್ದೆಗೆ ಬೇಕಾದ ಗುಣಗಳನ್ನು ಮೊದಲೇ ಪಟ್ಟಿಮಾಡಿ, ಎಲ್ಲರಿಗೂ ಅವೇ ಪ್ರಶ್ನೆಗಳನ್ನು ಕೇಳಿ, ಪ್ರತಿ ಉತ್ತರಕ್ಕೂ ನಿಗದಿಯಾದ ಅಳತೆಯಿಂದ ಅಂಕ ಕೊಡುವುದು ಇನ್ನೊಂದು ಬಗೆ. ಇದನ್ನು ‘ವ್ಯವಸ್ಥಿತ ಸಂದರ್ಶನ’ವೆನ್ನೋಣ. ಸಂದರ್ಶನದ ಅಂಕಕ್ಕೂ ಮುಂದೆ ಆತನು ಮಾಡಿದ ಕೆಲಸಕ್ಕೂ ಇರುವ ಹೊಂದಾಣಿಕೆಯನ್ನು ಸೊನ್ನೆಯಿಂದ ಒಂದರವರೆಗೆ ಅಳೆಯುವುದುಂಟು. ಸೊನ್ನೆಯೆಂದರೆ ಸಂಬಂಧವೇ ಇಲ್ಲ. ಒಂದು ಎಂದರೆ ಪೂರ್ಣ ಹೊಂದಾಣಿಕೆ. ಹಳೆಯ ಸಂಶೋಧನೆಗಳನ್ನೆಲ್ಲ ಕ್ರೋಡೀಕರಿಸಿ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ ವ್ಯವಸ್ಥಿತ ಸಂದರ್ಶನದ ಬೆಲೆ ಸುಮಾರು 0.42, ಅವ್ಯವಸ್ಥಿತ ಸಂದರ್ಶನದ್ದು ಸುಮಾರು 0.19 ಮಾತ್ರ. ಒಳ್ಳೆಯ ಕಾಟಾ ಕೂಡ ಒಂದಕ್ಕೆ ಬಹುದೂರವೆಂಬುದು ಗಮನಾರ್ಹ.

ನಮ್ಮ ನ್ಯಾಯಾಲಯಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನದ ಅಂಕಗಳನ್ನು ಸೇರಿಸಿದ್ದ ಮೈಸೂರು ರಾಜ್ಯದ ಪದ್ಧತಿಯನ್ನು ಸುಪ್ರೀಂ ಕೋರ್ಟು 1964ರ ಚಿತ್ರಲೇಖಾ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಆದರೆ 1985ರಲ್ಲಿ ಹರಿಯಾಣದ ಅಶೋಕ ಕುಮಾರ ಯಾದವ ಮೊಕದ್ದಮೆಯಲ್ಲಿ, ಲಿಖಿತ ಪರೀಕ್ಷೆಯೊಡನೆ ನಡೆಯುವ ಸಂದರ್ಶನಕ್ಕೆ ಅತಿಯಾದ ಅಂಕಗಳನ್ನಿಡುವುದು ಮನಸೋ ಇಚ್ಛೆಯ ಆಯ್ಕೆಗೆ ಎಡೆಗೊಡುತ್ತದೆಂದು ಅದೇ ನ್ಯಾಯಾಲಯ ಎಚ್ಚರಿಸಿತು. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ‘ಸಿ’, ‘ಡಿ’ ವರ್ಗದ ಹಾಗೂ ‘ಬಿ’ ವರ್ಗದ ಗೆಜೆಟೆಡ್ ಅಲ್ಲದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಅಂಥ ಹುದ್ದೆಗೆ ಸಂದರ್ಶನದಲ್ಲಿ ಸಹಾಯ ಮಾಡುವೆನೆಂದು ಹಣ ಕೇಳುವವನು ಮೋಸಗಾರನೆಂದೇ ತಿಳಿಯಬೇಕು.

ಉಮೇದುವಾರನು ಮಾಡಬಹುದಾದುದು

ಸಂದರ್ಶಕರು ವ್ಯವಸ್ಥಿತವಾಗಿ ಕೇಳದಿದ್ದರೂ ಉಮೇದುವಾರನು ವ್ಯವಸ್ಥಿತವಾಗಿ ಉತ್ತರಿಸಬಹುದು. ಅಂದರೆ ಗುಣವಾಚಕಗಳ ಬದಲಿಗೆ ತೂಗಬಲ್ಲ ವಸ್ತುವನ್ನು ಅವರ ಮುಂದಿಡಬಹುದು. ಹುಕ್ಕೇರಿ ತಾಲ್ಲೂಕಿನ ತರುಣನೊಬ್ಬನು ವಿದ್ಯುತ್ ಕೆಲಸದ ಹುದ್ದೆಗೆ ಹೋಗಿದ್ದಾನೆಂದು ಊಹಿಸೋಣ. 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವುಳ್ಳ ಆ ತಾಲ್ಲೂಕಿನವರಿಗೆ ಕಂಬ-ತಂತಿಗಳ ಕೆಲಸ ಹೊಸದಲ್ಲ. “ರೈತರ ಮೂರು ಫೇಸಿನ ಪಂಪಿನ ಮೋಟಾರು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ; ಏನು ಮಾಡುವಿರಿ?” ಎಂಬ ಪ್ರಶ್ನೆ ಬಂತೆನ್ನಿ. “ನಾನು ಶ್ರಮಜೀವಿ, ಏನನ್ನಾದರೂ ಕಲಿಯಬಲ್ಲೆ” ಎಂಬ ಉತ್ತರದಲ್ಲಿ ತೂಗಲು ಏನೂ ಇಲ್ಲ. “ಮೊದಲು ಸ್ವಿಚ್ಚು ಆರಿಸುವೆ; ಮೋಟಾರು ಸುಟ್ಟುಹೋಗಬಾರದು. ಒಂದು ಫೇಸು ತಪ್ಪಿರಬಹುದು. ಆದ್ದರಿಂದ ಫ್ಯೂಜುಗಳನ್ನೂ ಮೂರು ಫೇಸುಗಳನ್ನೂ ಪರೀಕ್ಷಿಸುವೆ. ಅವು ಸರಿಯಿದ್ದರೆ ಸ್ಟಾರ್ಟರು, ಬಳಿಕ ಪಂಪು ಬಿಗಿದುಕೊಂಡಿದೆಯೇ ಎಂದು ನೋಡುವೆ. ಕಳೆದ ಬೇಸಗೆಯಲ್ಲಿ ನಮ್ಮ ಹೊಲದಲ್ಲಿ ಹೀಗೆಯೇ ಆಗಿತ್ತು, ಫ್ಯೂಜು ಹೋಗಿತ್ತು” ಎಂಬುದು ತೂಕವುಳ್ಳ ಉತ್ತರ.

ಇಂಥ ಉತ್ತರಕ್ಕೆ ನಾಲ್ಕು ಅಂಗಗಳು: ಪರಿಸ್ಥಿತಿ ಏನಿತ್ತು, ತನ್ನ ಹೊಣೆ ಏನಾಗಿತ್ತು, ತಾನು ಮಾಡಿದ್ದೇನು, ಫಲವೇನಾಯಿತು. ಸಂದರ್ಶನಕ್ಕೆ ಹೊರಡುವ ಮೊದಲು ತನ್ನ ಬಾಳಿನಿಂದಲೇ ಇಂಥ ಐದಾರು ಪ್ರಸಂಗಗಳನ್ನು ಬರೆದು, ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಬೇಕು. ಹಾಲಿನ ಡೈರಿಯ ಲೆಕ್ಕ ಬರೆದದ್ದು, ಜಾತ್ರೆಯಲ್ಲಿ ಸ್ವಯಂಸೇವಕರ ಗುಂಪನ್ನು ನಡೆಸಿದ್ದು ಕೂಡ ಅನುಭವವೇ. ಭಾಷೆಯ ಅಂಜಿಕೆಯಿದ್ದರೆ “ಕನ್ನಡದಲ್ಲಿ ಉತ್ತರಿಸಬಹುದೇ?” ಎಂದು ಆರಂಭದಲ್ಲಿಯೇ ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ವ್ಯಕ್ತಿತ್ವ ಪರೀಕ್ಷೆಯನ್ನೂ ಕನ್ನಡದಲ್ಲಿ ಎದುರಿಸಬಹುದು.

ಸುದ್ದಿ ಬರುವ ದಾರಿ

ಸಂದರ್ಶನಕ್ಕೆ ಮೊದಲು ಹುದ್ದೆ ಖಾಲಿಯಿರುವ ಸುದ್ದಿ ಸಿಗಬೇಕಷ್ಟೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಮೆರಿಕದಲ್ಲಿ ಪರಿಚಯದವರ ಮೂಲಕ ಕೆಲಸ ಪಡೆದ ಕೆಲವರನ್ನು ವಿಚಾರಿಸಿದ್ದನು. ಸುದ್ದಿ ಕೊಟ್ಟವರನ್ನು ಆಗಾಗ ಕಾಣುತ್ತಿದ್ದೆವು ಎಂದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರೆಲ್ಲ ಎಂದಾದರೊಮ್ಮೆ ಅಥವಾ ಅಪರೂಪಕ್ಕೆ ಕಾಣುತ್ತಿದ್ದವರಿಂದ ಸುದ್ದಿ ಪಡೆದಿದ್ದರು. ಇದರ ಮರ್ಮ ಸರಳ. ಆಪ್ತ ಗೆಳೆಯರಿಗೆ ತಿಳಿದದ್ದು ನಮಗೂ ತಿಳಿದಿರುತ್ತದೆ. ದೂರದ ಪರಿಚಿತರು ಬೇರೆ ಊರಿನ, ಬೇರೆ ಕಸುಬಿನ ಸುದ್ದಿ ತರುತ್ತಾರೆ. ಆದ್ದರಿಂದ ಹಳೆಯ ಉಪಾಧ್ಯಾಯರು, ತರಬೇತಿಯಲ್ಲಿ ಒಂದು ವರ್ಷ ಮುಂದಿದ್ದವರು, ಬೆಳಗಾವಿ-ಪುಣೆಗಳಿಗೆ ಹೋದ ಊರಿನವರು ಇವರಿಗೆಲ್ಲ ತಾನು ಎಂಥ ಕೆಲಸ ಬಲ್ಲೆನೆಂದು ತಿಳಿಸಿಟ್ಟಿರಬೇಕು. ಕೇಳುವುದು ಸುದ್ದಿಯನ್ನೇ ಹೊರತು ಶಿಫಾರಸನ್ನಲ್ಲ, ಇದು ಮುಕಾದಮಗಿರಿಯಾಗದು. ಸಕ್ಕರೆ ಕಾರ್ಖಾನೆಗಳಂಥ ಹಂಗಾಮಿನ ಉದ್ಯಮಗಳಲ್ಲಿ ವಿಚಾರಣೆ ಕಬ್ಬು ನುರಿಸುವ ಹಂಗಾಮಿಗೆ ಮುಂಚೆಯೇ ನಡೆಯಬೇಕು.

ಕೊನೆಯದಾಗಿ ಒಂದು ಗಣಿತ. ಪ್ರತಿ ಸಂದರ್ಶನದಲ್ಲಿ ಆಯ್ಕೆಯಾಗುವ ಸಂಭವ ಐದರಲ್ಲಿ ಒಂದು ಮಾತ್ರ, ಮತ್ತು ಒಂದರ ಫಲ ಇನ್ನೊಂದನ್ನು ಅವಲಂಬಿಸಿಲ್ಲ ಎಂದಿಟ್ಟುಕೊಳ್ಳಿ. ಐದು ಸಂದರ್ಶನಗಳಲ್ಲಿ ಒಮ್ಮೆಯಾದರೂ ಆಯ್ಕೆಯಾಗುವ ಸಂಭವ ನೂರಕ್ಕೆ 67. ಹತ್ತರಲ್ಲಿ ನೂರಕ್ಕೆ 89. ಪ್ರತಿ ಸಲವೂ ಮರಳಿದ ದಿನವೇ ಕೇಳಿದ ಪ್ರಶ್ನೆಗಳನ್ನೂ ತಡವರಿಸಿದ ಎಡೆಗಳನ್ನೂ ಬರೆದಿಟ್ಟು ತಿದ್ದಿಕೊಂಡರೆ ಆ ‘ಐದರಲ್ಲಿ ಒಂದು’ ಮುಂದೆ ‘ನಾಲ್ಕರಲ್ಲಿ ಒಂದು’ ಆಗಬಹುದು. ಮೂರು ಸಲ ಬರಿಗೈಯಲ್ಲಿ ಮನೆಗೆ ಬಂದ ಮಗನನ್ನೋ ಮಗಳನ್ನೋ ಹಳಿಯುವ ಹಿರಿಯರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡುವುದು ಒಳ್ಳೆಯದು. ನಾಲ್ಕನೆಯ ಊರಿನ ಬಸ್ಸಿನ ಖರ್ಚನ್ನು ಕೊಡಬೇಕಾದವರು ಅವರೇ.