ಮಗ್ಗುಲಲ್ಲಿ ನಿಂತು ದುಡಿಯುವ ಯಂತ್ರ

ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಸಿರವಾರ ಸಿಕ್ಕುತ್ತದೆ. ಈ ಸೀಮೆಯ ಮುಖ್ಯ ಬೆಳೆಗಳಲ್ಲಿ ಭತ್ತ, ಹತ್ತಿ ಎರಡೂ ಸೇರಿವೆ. ಆದುದರಿಂದ ಇಲ್ಲಿ ಕಾರ್ಖಾನೆಯೆಂದೊಡನೆ ನಮಗೆ ನೆನಪಾಗುವುದು ಅಕ್ಕಿಯ ಗಿರಣಿ, ಇಲ್ಲವೆ ಹತ್ತಿಯ ಜಿನ್ನು.

ಜಿನ್ನಿನಲ್ಲಿ ನಡೆಯುವ ಕೆಲಸವನ್ನು ಸ್ವಲ್ಪ ಗಮನಿಸೋಣ. ಚರ್ಮ ಹೊದಿಸಿದ ಉರುಳೆಗಳು ತಿರುಗುತ್ತ ಹತ್ತಿಯ ಎಳೆಗಳನ್ನು ಒಳಕ್ಕೆ ಸೆಳೆದುಕೊಳ್ಳುತ್ತವೆ. ಮೇಲಕ್ಕೂ ಕೆಳಕ್ಕೂ ಆಡುವ ಅಲಗು ಬೀಜವನ್ನು ತಟ್ಟಿ ಬೀಳಿಸುತ್ತದೆ. ಆದರೆ ಆ ಉರುಳೆಗೆ ಹತ್ತಿಯ ಎಳೆಯೂ ಒಂದೇ, ಸೀರೆಯ ಸೆರಗೂ ಒಂದೇ, ಬೆರಳೂ ಒಂದೇ. ಸಿಕ್ಕಿದ್ದನ್ನು ಸೆಳೆಯುವುದಷ್ಟೇ ಅದರ ಧರ್ಮ. ಆದಕಾರಣ ಓಡುವ ಯಂತ್ರದ ಹತ್ತಿರ ಸುಳಿಯಬಾರದೆಂಬುದೇ ಕಾರ್ಖಾನೆಯಲ್ಲಿ ಕಲಿಯಬೇಕಾದ ಮೊದಲನೆಯ ಪಾಠ.

ಕಾನೂನೂ ಇದನ್ನೇ ಹೇಳಿತ್ತು. 1948ರ ಕಾರ್ಖಾನೆಗಳ ಅಧಿನಿಯಮದ 27ನೆಯ ಪ್ರಕರಣವು ಹತ್ತಿಯನ್ನು ಒತ್ತಿ ಬೇಲು ಕಟ್ಟುವ ಕಾರ್ಖಾನೆಗಳಿಗೆ ಸಂಬಂಧಪಟ್ಟದ್ದು. ಹತ್ತಿ ಬಿಡಿಸುವ ಯಂತ್ರ ನಡೆಯುತ್ತಿರುವ ಭಾಗದಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಕೆಲಸಕ್ಕಿಡಬಾರದೆಂದು ಅದು ವಿಧಿಸಿತು. ಯಂತ್ರಕ್ಕೆ ಹತ್ತಿ ಊಡುವ ತುದಿಗೂ ಹತ್ತಿ ಹೊರಬರುವ ತುದಿಗೂ ನಡುವೆ ಚಾವಣಿಯವರೆಗೆ, ಅಥವಾ ಇನ್ಸ್‌ಪೆಕ್ಟರು ಗೊತ್ತುಮಾಡಿದ ಎತ್ತರದವರೆಗೆ, ಅಡ್ಡಗೋಡೆಯಿದ್ದರೆ ಮಾತ್ರ ಊಡುವ ಕಡೆಯಲ್ಲಿ ಅವರು ಇರಬಹುದಾಗಿತ್ತು. ಯಂತ್ರ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ, ನಡುವೆ ಗೋಡೆ.

ರೋಬಾಟುಗಳು ಬಂದಾಗಲೂ ಈ ಕ್ರಮವೇ ಮುಂದುವರಿಯಿತು. 1961ರಲ್ಲಿ ಅಮೇರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಯೊಂದರಲ್ಲಿ ‘ಯುನಿಮೇಟ್’ ಎಂಬ ಯಂತ್ರತೋಳು ಕಾದ ಎರಕದ ಭಾಗಗಳನ್ನು ಎತ್ತಿಡತೊಡಗಿತು. ಅದಕ್ಕೆ ಬಲವಿತ್ತು, ಆದರೆ ದಾರಿಯಲ್ಲಿ ಯಾರಿದ್ದಾರೆಂಬ ಅರಿವಿರಲಿಲ್ಲ. ಇಂತಹ ಯಂತ್ರಗಳ ಅಪಾಯವೆಷ್ಟೆಂಬುದು 1979ರ ಜನವರಿ 25ರಂದು ಪ್ರಕಟವಾಯಿತು. ಅಂದು ಮಿಷಿಗನ್ ಪ್ರಾಂತದ ಫ್ಲಾಟ್ ರಾಕ್‌ನಲ್ಲಿದ್ದ ಫೋರ್ಡ್ ಕಾರ್ಖಾನೆಯಲ್ಲಿ, ಸಾಮಾನು ತರಲು ಅಟ್ಟಣೆಗೆ ಏರಿದ್ದ ರಾಬರ್ಟ್ ವಿಲಿಯಮ್ಸ್ ಎಂಬ ಕೆಲಸಗಾರನು ಯಂತ್ರತೋಳಿನ ಹೊಡೆತಕ್ಕೆ ಸಿಕ್ಕಿ ಮಡಿದನು. ರೋಬಾಟಿನ ಸುತ್ತ ಬೇಲಿ ಕಟ್ಟಿ, ಬೇಲಿಯ ಬಾಗಿಲು ತೆರೆದೊಡನೆ ಯಂತ್ರ ನಿಲ್ಲುವಂತೆ ಮಾಡುವುದು ಕಾರ್ಖಾನೆಗಳಲ್ಲಿ ರೂಢಿಯಾಯಿತು.

ಹಾಗಾದರೆ ಬೇಲಿಯಿಲ್ಲದೆ ಮನುಷ್ಯನ ಮಗ್ಗುಲಲ್ಲೇ ನಿಂತು ದುಡಿಯುವ ಯಂತ್ರ ಸಾಧ್ಯವೆ? ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಕೋಲ್ಗೇಟ್ ಮತ್ತು ಮೈಕೆಲ್ ಪೆಶ್ಕಿನ್ 1990ರ ದಶಕದಲ್ಲಿ ಇಂತಹ ಯಂತ್ರವನ್ನು ರಚಿಸಿದರು. ಅದಕ್ಕೆ ‘ಕೋಬಾಟ್’, ಎಂದರೆ ಸಹಯೋಗಿ ರೋಬಾಟ್, ಎಂದು ಹೆಸರಾಯಿತು. ಅವರ ಮೊದಲ ಯಂತ್ರವು ತಾನಾಗಿ ಚಲಿಸುತ್ತಿರಲಿಲ್ಲ. ಮನುಷ್ಯನು ತಳ್ಳಿದಾಗ ದಾರಿಯನ್ನು ಮಾತ್ರ ತಿದ್ದುತ್ತಿತ್ತು. ತಾನೇ ಚಲಿಸುವ ಹಗುರ ತೋಳನ್ನು ಡೆನ್ಮಾರ್ಕಿನ ಯೂನಿವರ್ಸಲ್ ರೋಬಾಟ್ಸ್ ಸಂಸ್ಥೆ 2008ರಲ್ಲಿ ಮಾರಾಟಕ್ಕೆ ತಂದಿತು.

ಈ ತೋಳಿಗೆ ಸ್ಪರ್ಶ ತಿಳಿಯುವುದು ಹೇಗೆ? ಬಾವಿಯಿಂದ ನೀರು ಸೇದುವವರನ್ನು ನೆನೆಸಿಕೊಳ್ಳಿ. ತುಂಬಿದ ಕೊಡದ ಭಾರವೆಷ್ಟೆಂದು ಕೈಗೆ ಗೊತ್ತು. ಕೊಡವು ಬಾವಿಯ ಗೋಡೆಯ ಕಲ್ಲಿಗೆ ಸಿಕ್ಕಿಕೊಂಡರೆ, ಕಣ್ಣಿಗೆ ಕಾಣದಿದ್ದರೂ, ಹಗ್ಗ ಹಿಡಿದ ಕೈಗೆ ಆ ಕ್ಷಣವೇ ತಿಳಿಯುತ್ತದೆ. ಕೋಬಾಟಿನ ಕೆಲಸವೂ ಹೀಗೆಯೇ. ಅದರ ಪ್ರತಿ ಕೀಲಿನಲ್ಲಿಯೂ ಒಂದು ಮೋಟಾರು ಇರುತ್ತದೆ. ಹೊತ್ತ ಭಾರಕ್ಕೂ ತೋಳಿನ ಭಂಗಿಗೂ ಎಷ್ಟು ಶಕ್ತಿ ಬೇಕೆಂದು ಗಣಕವು ಕ್ಷಣಕ್ಷಣವೂ ಲೆಕ್ಕಹಾಕುತ್ತದೆ. ಮೋಟಾರು ಅದಕ್ಕಿಂತ ಹೆಚ್ಚು ವಿದ್ಯುತ್ತನ್ನು ಎಳೆದರೆ ಏನೋ ಅಡ್ಡ ಬಂದಿದೆಯೆಂದೇ ಅರ್ಥ, ತೋಳು ನಿಂತುಬಿಡುತ್ತದೆ.

ಆದರೆ ನಿಲ್ಲುವ ಮೊದಲೇ ಪೆಟ್ಟು ಬಿದ್ದಿರುತ್ತದಲ್ಲ! ಅದಕ್ಕಾಗಿ ವೇಗವನ್ನೂ ತಗ್ಗಿಸಬೇಕು. 25 ಕಿಲೋಗ್ರಾಂ ಅಕ್ಕಿಯ ಚೀಲವೊಂದು ಸೆಕೆಂಡಿಗೆ 1 ಮೀಟರಿನಂತೆ ಸಾಗುತ್ತಿದೆಯೆನ್ನೋಣ. ಅದರಲ್ಲಿರುವ ಚಲನಶಕ್ತಿ, ಅದೇ ಚೀಲವು ಸುಮಾರು 5 ಸೆಂಟಿಮೀಟರ್ ಎತ್ತರದಿಂದ ಬಿದ್ದಾಗ ಪಡೆಯುವಷ್ಟು. ವೇಗವನ್ನು ಕಾಲುಭಾಗಕ್ಕೆ ಇಳಿಸಿದರೆ ಶಕ್ತಿಯು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಆಗ ಅದು 3 ಮಿಲಿಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ನಿಧಾನಕ್ಕೆ ಇಷ್ಟು ಬೆಲೆ.

ಮನುಷ್ಯ ದೇಹವು ಎಷ್ಟು ಒತ್ತಡವನ್ನು ತಾಳೀತೆಂಬುದಕ್ಕೂ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2016ರಲ್ಲಿ ಅಳತೆಗಳನ್ನು ಪ್ರಕಟಿಸಿತು. ದೇಹದ 29 ಸ್ಥಾನಗಳಿಗೆ ಬೇರೆ ಬೇರೆ ಮಿತಿಗಳಿವೆ. ಕೈಯನ್ನು ಒತ್ತಿಹಿಡಿಯುವ ಬಲ 140 ನ್ಯೂಟನ್ ಮೀರಬಾರದು. ಇದು ಸುಮಾರು 14 ಕಿಲೋಗ್ರಾಂ ಭಾರ. ಮುಖಕ್ಕಾದರೆ 65 ನ್ಯೂಟನ್ ಮಾತ್ರ.

ಈಗ ನಮ್ಮ ಗಿರಣಿಗೆ ಹಿಂದಿರುಗೋಣ. ಕೋಬಾಟು 25 ಕಿಲೋಗ್ರಾಂ ಚೀಲವನ್ನು ಅಟ್ಟಿಯ ಮೇಲಿಡುವಾಗ ಯಾರದಾದರೂ ಕೈ ನಡುವೆ ಸಿಕ್ಕಿತೆನ್ನಿ. ತೋಳು ಎಷ್ಟೇ ಮೃದುವಾಗಿ ನಿಂತರೂ ಚೀಲದ ಭಾರವೇ ಮೇಲಿನ ಮಿತಿಯನ್ನು ಮೀರಬಲ್ಲದು. ಅಂತೆಯೇ, ತೋಳಿನ ತುದಿಗೆ ಚೂಪಾದ ಅಲಗನ್ನು ಕಟ್ಟಿದರೆ ಅಲ್ಪ ಬಲವೇ ಗಾಯಕ್ಕೆ ಸಾಕು. ಆದುದರಿಂದ ‘ಸುರಕ್ಷಿತ’ ಎಂಬ ಚೀಟಿಯನ್ನು ತೋಳಿಗೆ ಮಾತ್ರ ಅಂಟಿಸುವುದು ತಪ್ಪು. ತೋಳು, ಅದರ ಹಿಡಿಕೆ, ಭಾರ, ನಿಲ್ಲುವ ಜಾಗ, ಎಲ್ಲವನ್ನೂ ಕೂಡಿಸಿಯೇ ತೂಗಬೇಕು. ಭಾರದ ಕೆಲಸಗಳಲ್ಲಿ, ಮನುಷ್ಯನು ಸಮೀಪಿಸಿದೊಡನೆ ಗುರುತಿಸಿ ಮುಟ್ಟುವ ಮೊದಲೇ ಯಂತ್ರವನ್ನು ನಿಲ್ಲಿಸುವ ಬೆಳಕಿನ ಕಾವಲು ಬೇಕಾಗುತ್ತದೆ. ಇನ್ನು ಜಿನ್ನಿನ ಉರುಳೆಗೆ ಮರೆ ಇರಲೇಬೇಕು; ಪಕ್ಕದಲ್ಲಿ ಕೋಬಾಟು ಬಂದು ನಿಂತ ಮಾತ್ರಕ್ಕೆ ಅದು ಸಾಧುವಾಗದು.

ನಮ್ಮ ದೇಶದಲ್ಲಿ ಪುಣೆಯ ಬಳಿಯ ಚಾಕಣದ ಬಜಾಜ್ ಆಟೋ ಕಾರ್ಖಾನೆಯು 2010ರಿಂದಲೇ ಕೋಬಾಟುಗಳನ್ನು ಬಳಸತೊಡಗಿತು. ಬಿಗಿಯುವುದು, ಅಂಟು ಸವರುವುದು, ಸಣ್ಣ ಭಾಗಗಳನ್ನು ಎತ್ತಿಡುವುದು, ಇಂತಹ ಹಗುರವಾದ ಆದರೆ ಬೇಸರ ತರಿಸುವ ಕೆಲಸಗಳೇ ಅವುಗಳಿಗೆ ಹೆಚ್ಚು ಒಗ್ಗುತ್ತವೆ. ಸಿರವಾರದ ಕಡೆಯ ಕೆಲಸ ಬೇರೆ ಬಗೆಯದು. 75 ಕಿಲೋಗ್ರಾಂ ಚೀಲದ ಲೆಕ್ಕದಲ್ಲಿ ಭತ್ತದ ದರ ಹೇಳುವ ಸೀಮೆಯಿದು. ಬಹುಪಾಲು ಕೋಬಾಟುಗಳು ಎತ್ತಬಲ್ಲದ್ದು ಅದರ ಅರ್ಧಕ್ಕಿಂತ ಕಡಿಮೆ. ಸದ್ಯಕ್ಕೆ ಹಮಾಲರ ಬೆನ್ನೇ ಆ ಯಂತ್ರಕ್ಕಿಂತ ಹೆಚ್ಚು ಹೊರುತ್ತದೆ.

ಇದು ಹೆಮ್ಮೆಪಡುವ ಸಂಗತಿಯೇನೂ ಅಲ್ಲ. ಆ ಬೆನ್ನಿನ ಭಾರ ಇಳಿಯಲೇಬೇಕು. ಆದರೆ ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಭಾರದೊಡನೆ ಅನ್ನವೂ ಇಳಿದುಹೋದೀತೆಂಬ ಭಯವಿರುವುದು ಸಹಜ. ಕೈಗೆ ಎಷ್ಟು ನ್ಯೂಟನ್ ಬಲ ತಗಲಬಹುದೆಂದು ವಿಜ್ಞಾನವು ಅಳೆದು ಹೇಳಬಲ್ಲದು. ಆ ಕೈಗೆ ಯಾವ ಹೊಸ ಕೆಲಸ, ಎಷ್ಟು ಕೂಲಿ ಎಂಬುದನ್ನು ಮಾತ್ರ ಗಿರಣಿಯ ಒಡೆಯರೂ ಕೆಲಸಗಾರರೂ ಒಟ್ಟಿಗೆ ಕುಳಿತು ಗೊತ್ತುಮಾಡಬೇಕು. ಯಂತ್ರ ಊರಿಗೆ ಬರುವ ಮೊದಲೇ ಅದಾದರೆ ಒಳ್ಳೆಯದು.